ಜೀರ್ಣೋದ್ಧಾರವೆಂಬ ಮಾತಿನ ಅರ್ಥ

‘ಜೀರ್ಣೋದ್ಧಾರ’ವೆಂಬ ಸಮಾಸವನ್ನು ನಾವು ಬಹು ಸುಲಭವಾಗಿ ಬಳಸುತ್ತೇವೆ. ಜೀರ್ಣವಾದುದನ್ನು ಮೇಲೆತ್ತುವುದು ಅದರ ಅರ್ಥವೇ ಹೊರತು ಹಳೆಯದನ್ನು ಅಳಿಸಿ ಹೊಸದನ್ನು ನಿಲ್ಲಿಸುವುದಲ್ಲ. ಈ ಭೇದವನ್ನು ಅರಿಯಲು ಜರ್ಮನಿಯ ಡ್ರೆಸ್ಡೆನ್ ನಗರದ ಫ್ರಾವೆನ್‌ಕಿರ್ಖೆ ಎಂಬ ಕ್ರೈಸ್ತ ದೇವಾಲಯ ಉತ್ತಮ ನಿದರ್ಶನವಾಗಿದೆ.

ಗೇಯೋರ್ಗ್ ಬೇರ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1726ರಲ್ಲಿ ಆರಂಭವಾದ ಈ ಮಂದಿರ 1743ರಲ್ಲಿ ಪೂರ್ಣಗೊಂಡಿತು. ಗಂಟೆಯಾಕಾರದ ಕಲ್ಲಿನ ಗುಮ್ಮಟವೇ ಅದರ ಹಿರಿಮೆ. 1945ರ ಫೆಬ್ರವರಿ 13ರ ಇರುಳು ಬ್ರಿಟಿಷ್ ವಿಮಾನಗಳೂ ಮರುದಿನ ಅಮೆರಿಕದ ವಿಮಾನಗಳೂ ನಗರದ ಮೇಲೆ ಬಾಂಬುಗಳನ್ನು ಸುರಿಸಿದವು. ಸುಮಾರು 25,000 ಜನ ಮಡಿದರು. ಉರಿಯಿಂದ ಬಿರಿದ ಕಂಬಗಳು ಭಾರ ತಾಳದೆ 15ರ ಬೆಳಿಗ್ಗೆ ಗುಮ್ಮಟ ಕುಸಿಯಿತು. ಯುದ್ಧವನ್ನು ಹೊತ್ತಿಸಿದ್ದು ಜರ್ಮನಿಯೇ ಎಂಬುದು ನಿಜ. ಆದರೆ ಬೆಂದವರೆಲ್ಲರೂ ಅದನ್ನು ಹೊತ್ತಿಸಿದವರಲ್ಲ.

ಆ ಕಲ್ಲುರಾಶಿ ದಶಕಗಳ ಕಾಲ ಹಾಗೆಯೇ ಬಿದ್ದಿತ್ತು. ಪುನರ್ನಿರ್ಮಾಣದ ಮಾತು ಬಂದಾಗ, ‘ಹಾಳೇ ಯುದ್ಧದ ಸಾಕ್ಷಿ, ಅದನ್ನು ಮುಟ್ಟಬಾರದು’ ಎಂದವರುಂಟು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ 1994ರಲ್ಲಿ ಕಟ್ಟತೊಡಗಿದವರು ಸಾಕ್ಷಿಯನ್ನು ಅಳಿಸಲಿಲ್ಲ. ರಾಶಿಯ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ, ಉಪಯುಕ್ತವಾದವನ್ನು ಸಾಧ್ಯವಾದೆಡೆ ಅವುಗಳ ಮೊದಲಿನ ಸ್ಥಾನದಲ್ಲಿಯೇ ಕೂರಿಸಿದರು. ವೆಚ್ಚದ ಬಹುಭಾಗ ನಾನಾ ದೇಶಗಳ ದಾನಿಗಳಿಂದ ಬಂದಿತು. 2005ರ ಅಕ್ಟೋಬರ್ 30ರಂದು ಪುನಃಪ್ರತಿಷ್ಠೆ ನಡೆಯಿತು.

ಹೊರಗೋಡೆಯಲ್ಲಿ ಹೊಸ ಕಲ್ಲಿನ ತಿಳಿಬಣ್ಣದ ನಡುವೆ ಹಳೆಯ ಕಲ್ಲುಗಳು ಕಪ್ಪಾಗಿ ಎದ್ದು ಕಾಣುತ್ತವೆ. ಒಳಗಾದರೋ ಎಂಟು ಕಂಬಗಳು, ಅವುಗಳ ಸುತ್ತ ಸಭಿಕರ ಮೇಲಂತಸ್ತುಗಳು, ಎಳೆವರ್ಣದ ಚಿತ್ರಗಳುಳ್ಳ ಗುಮ್ಮಟ. ಒಡೆದ ಪೂಜಾವೇದಿಕೆಯನ್ನು ಸುಮಾರು 2000 ತುಣುಕುಗಳಿಂದ ಮತ್ತೆ ಜೋಡಿಸಿದ್ದಾರೆ. ಅವಶೇಷಗಳಲ್ಲಿ ದೊರೆತ ತಿರುಚಿದ ಹಳೆಯ ಶಿಲುಬೆಯೂ ಒಳಗೇ ನಿಂತಿದೆ. ಶಿಖರದ ಹೊಸ ಶಿಲುಬೆ ಬ್ರಿಟನ್ನಿನ ಕಾಣಿಕೆ; ಅದನ್ನು ರೂಪಿಸಿದ ಕುಶಲಕರ್ಮಿಯ ತಂದೆ ಅಂದಿನ ದಾಳಿಯಲ್ಲಿ ವಿಮಾನ ನಡೆಸಿದವನು! ಕೆಡವಿದ ಕೈಯ ಮುಂದಿನ ತಲೆಮಾರು ಕಟ್ಟಲು ಕೈಗೂಡಿಸಿತು.

ಇದಲ್ಲವೇ ಉದ್ಧಾರ? ಗಾಯವನ್ನು ಮರೆಮಾಚದೆ, ಗಾಯದಲ್ಲಿಯೇ ಉಳಿಯದೆ, ಅದನ್ನು ಒಳಗೊಂಡು ಎದ್ದು ನಿಲ್ಲುವುದು.

ಆದರೆ ಆ ಮರಳುಗಲ್ಲಿನ ಸ್ವಭಾವವೊಂದಿದೆ: ಗಾಳಿ ಮಳೆಗಳಿಗೆ ಮೈಯೊಡ್ಡಿ ಕಾಲಕ್ರಮದಲ್ಲಿ ಅದು ಕಪ್ಪಾಗುತ್ತದೆ. ಹೊಸ ಕಲ್ಲುಗಳೂ ಕಪ್ಪಾಗಿ, ಹಳತು ಹೊಸತುಗಳ ಭೇದ ಒಂದು ದಿನ ಕಣ್ಣಿಗೆ ಕಾಣದಾಗುವುದು. ಅಂದು ಕಲ್ಲು ಹೇಳಲಾರದುದನ್ನು ಹೇಳಬೇಕಾದವರು ಯಾರು? ಕಟ್ಟಡವನ್ನು ದಾನಿಗಳು ನಿಲ್ಲಿಸಬಲ್ಲರು. ಅದರ ನೆನಪನ್ನು ನಿಲ್ಲಿಸುವ ಹೊಣೆ ಉಪಾಧ್ಯಾಯರದು.