ಐವತ್ತಕ್ಕೆ ಬಂದ ಫಲಿತಾಂಶ

ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಇವನು ಉದ್ಧಾರ ಆಗೋ ಪೈಕಿ ಅಲ್ಲ.’ ಹೇಳುವವರು ಸಾಮಾನ್ಯವಾಗಿ ತಂದೆ. ಕೇಳಿಸಿಕೊಳ್ಳುವ ಹುಡುಗನಿಗೆ ಹದಿನಾರೋ ಹದಿನೇಳೋ ವಯಸ್ಸು. ಅಷ್ಟು ಬೇಗ ಒಬ್ಬನ ಬಾಳಿನ ಲೆಕ್ಕ ಮುಗಿಸಿ ಪುಸ್ತಕ ಮಡಚಿಡುವ ಆತುರ ನಮಗೇಕೋ ತಿಳಿಯದು. ಈ ವಾರ ಫ್ರಾನ್ಸ್ ದೇಶದ ಒಬ್ಬ ಹಾಸ್ಯನಟನ ಕಥೆ ಹೇಳುತ್ತೇನೆ. ಆತನ ಫಲಿತಾಂಶ ಪ್ರಕಟವಾದದ್ದು ಐವತ್ತನೆಯ ವಯಸ್ಸಿನಲ್ಲಿ.

ಹೆಸರು ಲೂಯಿ ದ ಫ್ಯೂನೆಸ್. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಫ್ರಾನ್ಸಿನಲ್ಲಿ ಮಾತ್ರ, ಆತ ತೀರಿಕೊಂಡು ನಾಲ್ಕು ದಶಕ ಕಳೆದರೂ, ಅಜ್ಜ ಮೊಮ್ಮಕ್ಕಳು ಒಟ್ಟಿಗೆ ಕುಳಿತು ನೋಡಿ ನಗುವ ಚಿತ್ರಗಳೆಂದರೆ ಆತನವೇ.

ಲೂಯಿ ಹುಟ್ಟಿದ್ದು 1914ರ ಜುಲೈ 31ರಂದು, ಪ್ಯಾರಿಸ್ ಪಕ್ಕದ ಕೂರ್ಬೆವ್ವಾ ಎಂಬಲ್ಲಿ. ತಂದೆತಾಯಿ ಸ್ಪೇನ್ ದೇಶದಿಂದ ವಲಸೆ ಬಂದವರು. ತಂದೆ ತಮ್ಮ ದೇಶದಲ್ಲಿ ವಕೀಲರು. ಫ್ರಾನ್ಸಿನಲ್ಲಿ ಆ ಓದು ಉಪಯೋಗಕ್ಕೆ ಬರಲಿಲ್ಲ. ತಾಯಿ ಬಹಳ ಸಿಡುಕಿನ ಹೆಂಗಸು. ಸಿಟ್ಟು ಬಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕೂಗಾಡುತ್ತ ಮಗನನ್ನು ಮೇಜಿನ ಸುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದರಂತೆ. ಎಳವೆಯಲ್ಲೇ ಪಿಯಾನೋ ಕಲಿಸಿದವರೂ ಆ ತಾಯಿಯೇ. ಅಟ್ಟಾಡಿಸಿದ ಸಿಟ್ಟು, ಕಲಿಸಿದ ಪಿಯಾನೋ ಎರಡನ್ನೂ ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಎರಡೂ ಬೇಕಾಗುತ್ತವೆ.

ಓದಿನಲ್ಲಿ ಲೂಯಿ ಹೇಳಿಕೊಳ್ಳುವಂಥವನಾಗಿರಲಿಲ್ಲ. ತುಪ್ಪುಳಿನ ಉಡುಪು ಹೊಲಿಯುವ ಕಸುಬು ಕಲಿಯಲೆಂದು ಮನೆಯವರು ಒಂದು ಶಾಲೆಗೆ ಸೇರಿಸಿದರು. ಅಲ್ಲಿಂದ ಹೊರಹಾಕಿದರು. ಛಾಯಾಗ್ರಹಣ ಮತ್ತು ಸಿನಿಮಾ ತಂತ್ರ ಕಲಿಸುವ ಶಾಲೆಗೆ ಸೇರಿಸಿದರು. ಅಲ್ಲಿಂದಲೂ ಹೊರಹಾಕಿದರು. ಆ ತರಗತಿಯಲ್ಲಿ ಜೊತೆಗೆ ಓದುತ್ತಿದ್ದವನೊಬ್ಬ ಆನ್ರಿ ದೆಕೇ. ಶ್ರದ್ಧೆಯಿಂದ ಕಲಿತು ದೊಡ್ಡ ಛಾಯಾಗ್ರಾಹಕನಾದ. ಲೂಯಿಯ ಕೆಲವು ಹೆಸರಾಂತ ಚಿತ್ರಗಳಿಗೆ ಕ್ಯಾಮೆರಾ ಹಿಡಿದದ್ದು ಇದೇ ಸಹಪಾಠಿ. ಕ್ಯಾಮೆರಾದ ಹಿಂದೆ ಶಾಲೆ ಮುಗಿಸಿದವನು, ಮುಂದೆ ಶಾಲೆ ಬಿಡಿಸಿಕೊಂಡವನು!

ಅಲ್ಲಿಂದ ಮುಂದೆ ಸಣ್ಣಪುಟ್ಟ ಕೆಲಸಗಳು. ಅಂಗಡಿಯ ಗಾಜಿನ ಕಪಾಟು ಸಿಂಗರಿಸುವುದು, ಲೆಕ್ಕ ಬರೆಯುವುದು, ಹೀಗೆ ಎಲ್ಲಿಯೂ ನೆಲೆ ನಿಲ್ಲಲಿಲ್ಲ. ಕೊನೆಗೆ ಕೈಹಿಡಿದದ್ದು ತಾಯಿ ಕಲಿಸಿದ ಪಿಯಾನೋ. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್ಸಿನ ಪಿಗಾಲ್ ಪ್ರದೇಶದ ಬಾರುಗಳಲ್ಲಿ ರಾತ್ರಿಯೆಲ್ಲ ಕುಳಿತು ಪಿಯಾನೋ ನುಡಿಸಿ ಹೊಟ್ಟೆ ಹೊರೆದುಕೊಂಡ. ಆ ದಿನಗಳಲ್ಲೇ, 1943ರಲ್ಲಿ, ಜಾನ್ ಎಂಬಾಕೆಯನ್ನು ಮದುವೆಯಾದ. ಆಕೆ ಪ್ರಸಿದ್ಧ ಕಥೆಗಾರ ಮೊಪಾಸಾನ ವಂಶದವರು. ಗಂಡನ ಕಷ್ಟದ ವರ್ಷಗಳಲ್ಲಿ ಬೆನ್ನಿಗೆ ನಿಂತು, ಒಳ್ಳೆಯ ದಿನಗಳಲ್ಲಿ ಆತನ ವ್ಯವಹಾರವನ್ನೆಲ್ಲ ನೋಡಿಕೊಂಡವರೂ ಆಕೆಯೇ.

ನಟನೆ ಕಲಿಯಲು ಲೂಯಿ ಹೋದದ್ದು ಮೂವತ್ತರ ಹತ್ತಿರ ಬಂದಾಗ. ಮೊದಲ ಚಿತ್ರ ತೆರೆಗೆ ಬಂದದ್ದು 1946ರಲ್ಲಿ. ಬಾಗಿಲು ಕಾಯುವವನ ಪುಟ್ಟ ಪಾತ್ರ. ಆಮೇಲೆ ಸುಮಾರು ಹತ್ತು ವರ್ಷ ಇಂಥವೇ. ಹೋಟೆಲ್ ಮಾಣಿ, ಅಂಗಡಿಯವ, ದಾರಿಹೋಕ. ತೆರೆಯ ಮೇಲೆ ಬಂದು ಒಂದು ಮಾತು ಆಡಿ ಮರೆಯಾಗುವ ಪಾತ್ರಗಳು. ಅಂಥವು ಒಂದೆರಡಲ್ಲ, ಹತ್ತಾರು. ಎತ್ತರ ಐದಡಿ ನಾಲ್ಕೂವರೆ ಅಂಗುಲದ ಆಸುಪಾಸು, ತಲೆ ಬೋಳಾಗುತ್ತ ಬಂದಿದೆ, ಮೂಗು ಉದ್ದ. ನಾಯಕನಾಗುವ ಲಕ್ಷಣ ಯಾವುದಿದೆ ಹೇಳಿ!

1956ರಲ್ಲಿ ‘ಲಾ ತ್ರಾವರ್ಸೆ ದ ಪಾರೀ’ ಎಂಬ ಚಿತ್ರ ಬಂತು. ಯುದ್ಧಕಾಲದ ಪ್ಯಾರಿಸ್ಸಿನಲ್ಲಿ ಕದ್ದು ಹಂದಿಮಾಂಸ ಮಾರುವ ಜಾಂಬಿಯೇ ಎಂಬ ವ್ಯಾಪಾರಿಯ ಪಾತ್ರ ಲೂಯಿಯದು. ಎದುರಿಗೆ ಆ ಕಾಲದ ಮಹಾನಟ ಜಾನ್ ಗಬಾಂ. ಗಬಾಂ ಹಣಕ್ಕಾಗಿ ಪೀಡಿಸುತ್ತ ‘ಜಾಂಬಿಯೇ! ಜಾಂಬಿಯೇ!’ ಎಂದು ಕೂಗುತ್ತ ಹೋದ ಹಾಗೆ ಈ ಪುಟ್ಟ ವ್ಯಾಪಾರಿ ಪೊಲೀಸರಿಗೆ ಕೇಳಿಸೀತೆಂದು ನಡುಗುತ್ತಾನೆ. ಇರುವುದು ಕೆಲವೇ ನಿಮಿಷ. ಆದರೆ ನೋಡಿದವರಿಗೆ ಜಾಂಬಿಯೇ ಮರೆಯಲಿಲ್ಲ.

ಅದಾದ ಮೇಲೂ ನಾಯಕನ ಪಟ್ಟ ಕೂಡಲೇ ಬರಲಿಲ್ಲ. ಈ ನಡುವೆ ಒಂದು ಸ್ವಾರಸ್ಯದ ಸಂಗತಿ ನಡೆಯಿತು. ಜೆರಾರ್ ಊರಿ ಎಂಬ ನಿರ್ದೇಶಕ ಆಗ ಗಂಭೀರ ಚಿತ್ರಗಳನ್ನು ತೆಗೆಯುತ್ತಿದ್ದ. 1962ರಲ್ಲಿ ಬಿಡುಗಡೆಯಾದ ಆತನ ಒಂದು ಚಿತ್ರದಲ್ಲಿ ಲೂಯಿಗೆ ಸಣ್ಣ ಪಾತ್ರ. ಚಿತ್ರೀಕರಣದ ವೇಳೆ ಲೂಯಿ ಆತನನ್ನು ಕರೆದು, ನೀನು ಹುಟ್ಟಾ ಹಾಸ್ಯದವನು, ಅದನ್ನು ಒಪ್ಪಿಕೊಂಡ ದಿನ ಗೆಲ್ಲುತ್ತೀಯೆ ಎಂದನಂತೆ. ತನ್ನ ದಾರಿಯೇ ಇನ್ನೂ ಸುಗಮವಾಗದ ನಟ ಇನ್ನೊಬ್ಬನಿಗೆ ದಾರಿ ತೋರಿಸಿದ. ಊರಿ ಆ ಮಾತು ಕೇಳಿದ. ಇಬ್ಬರ ಭಾಗ್ಯದ ಬಾಗಿಲೂ ಅದರಿಂದಲೇ ತೆರೆಯಿತು.

1964ರಲ್ಲಿ, ಲೂಯಿಗೆ ಐವತ್ತು ತುಂಬಿದ ವರ್ಷ, ‘ಸಾಂ ತ್ರೊಪೇಯ ಪೊಲೀಸ’ ಎಂಬರ್ಥದ ಹೆಸರಿನ ಚಿತ್ರ ಬಿಡುಗಡೆಯಾಯಿತು. ಮೇಲಧಿಕಾರಿಯ ಮುಂದೆ ಬೆನ್ನು ಬಾಗಿಸುವ, ಕೈಕೆಳಗಿನವರ ಮೇಲೆ ಹರಿಹಾಯುವ ಪೊಲೀಸ್ ಕ್ರೂಶೋ. ಆ ಮುಖದ ಸಿಂಡರಿಕೆ, ಕೈ ಬಾಯಿ ಒಟ್ಟಿಗೇ ಓಡುವ ಆ ಸಿಟ್ಟು ಎಲ್ಲಿಂದ ಬಂತು? ಮೇಜಿನ ಸುತ್ತ ಅಟ್ಟಿಸಿಕೊಂಡು ಬರುತ್ತಿದ್ದ ತಾಯಿಯೇ ತನ್ನ ಮೊದಲ ಅಭಿನಯ ಗುರು ಎಂದು ಲೂಯಿ ಹೇಳಿಕೊಂಡಿದ್ದುಂಟು. ಈ ಪೊಲೀಸನ ಕಥೆ 1982ರವರೆಗೆ ಆರು ಚಿತ್ರಗಳಾಗಿ ಬೆಳೆಯಿತು.

ಊರಿಯ ಜೊತೆ 1966ರಲ್ಲಿ ಮಾಡಿದ ‘ಲಾ ಗ್ರಾಂದ್ ವಾದ್ರೂಯ್’ ಇನ್ನೂ ದೊಡ್ಡದು. ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಪ್ಯಾರಾಚೂಟಿನಿಂದ ಇಳಿದ ಬ್ರಿಟಿಷ್ ವಿಮಾನದವರನ್ನು ಒಬ್ಬ ಬಣ್ಣ ಬಳಿಯುವವನೂ ಒಬ್ಬ ಸಂಗೀತ ನಿರ್ದೇಶಕನೂ ಸೇರಿ ಪಾರುಮಾಡುವ ಕಥೆ. ಲೂಯಿ ಅದರಲ್ಲಿ ಒಪೆರಾದ ವಾದ್ಯವೃಂದವನ್ನು ನಡೆಸುವ ಗರ್ವಿಷ್ಠ. ಆತ ಕೋಲು ಹಿಡಿದು ಬರ್ಲಿಯೋಜ್‌ನ ಸಂಗೀತವನ್ನು ನಡೆಸುವ ದೃಶ್ಯ ನೋಡಿ. ತಾಳ ತಪ್ಪುವುದಿಲ್ಲ. ಬಾರಿನಲ್ಲಿ ಕಳೆದ ರಾತ್ರಿಗಳು ವ್ಯರ್ಥವಾಗಿರಲಿಲ್ಲ ಎಂದು ಅಲ್ಲಿ ಗೊತ್ತಾಗುತ್ತದೆ. ಫ್ರಾನ್ಸಿನಲ್ಲಿ ಆ ಚಿತ್ರಕ್ಕೆ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು. ಮೂವತ್ತು ವರ್ಷ ಮೀರಿ ಉಳಿದ ಆ ದಾಖಲೆಯನ್ನು 1998ರಲ್ಲಿ ಮುರಿದದ್ದು ‘ಟೈಟಾನಿಕ್’.

1973ರ ‘ರಬ್ಬಿ ಜಾಕೊಬ್’ ಚಿತ್ರದಲ್ಲಿ ಯಹೂದಿಗಳೆಂದರೆ ಮೂಗು ಮುರಿಯುವ ಶ್ರೀಮಂತನ ಪಾತ್ರ. ಪ್ರಾಣ ಉಳಿಸಿಕೊಳ್ಳಲು ಯಹೂದಿ ಧರ್ಮಗುರುವಿನ ವೇಷವನ್ನೇ ಹಾಕಬೇಕಾಗುತ್ತದೆ. ಆ ಪಾತ್ರ ತನ್ನ ಮನಸ್ಸಿನ ಕೊಳೆಯನ್ನೂ ತೊಳೆಯಿತು ಎಂದು ಲೂಯಿ ಹೇಳಿದ. 1975ರಲ್ಲಿ ಹೃದಯಾಘಾತವಾಯಿತು. ಚೇತರಿಸಿಕೊಂಡು ಮರುವರ್ಷವೇ ಮತ್ತೆ ತೆರೆಗೆ ಬಂದ. 1980ರಲ್ಲಿ ಮೋಲಿಯೇರನ ಜಿಪುಣನ ನಾಟಕವನ್ನು ಸಿನಿಮಾ ಮಾಡಿ ಹಳೆಯ ಆಸೆಯೊಂದನ್ನು ತೀರಿಸಿಕೊಂಡ. ಬಿಡುವಿನಲ್ಲಿ ಗುಲಾಬಿ ಬೆಳೆಸುತ್ತಿದ್ದ. 1983ರ ಜನವರಿ 27ರಂದು ತೀರಿಕೊಂಡ.

ಇಷ್ಟು ಓದಿ ಯಾರಾದರೂ ಹುಡುಗ ‘ನೋಡಿ, ಶಾಲೆ ಬಿಟ್ಟವನೇ ಗೆದ್ದ’ ಎಂದು ಅಪ್ಪನ ಮುಂದೆ ಈ ಪುಟ ಹಿಡಿದರೆ ತಪ್ಪು ನನ್ನದಲ್ಲ! ಶಾಲೆ ಬಿಟ್ಟವರೆಲ್ಲ ಲೂಯಿ ಆಗುವುದಿಲ್ಲ. ಗಮನಿಸಬೇಕಾದದ್ದು ಬೇರೆ. ಬಾಗಿಲು ಕಾಯುವವನ ಪಾತ್ರವನ್ನೂ ಆತ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಯಾರೂ ನೋಡದಿದ್ದ ವರ್ಷಗಳಲ್ಲೂ ಕಲಿಯುವುದನ್ನು ನಿಲ್ಲಿಸಲಿಲ್ಲ. ಐವತ್ತಕ್ಕೆ ಬಾಗಿಲು ತೆರೆದಾಗ ಒಳಗೆ ಹೋಗಲು ಸಿದ್ಧನಾಗಿದ್ದ.

ತಂದೆತಾಯಿಯರಿಗೂ ಒಂದು ಮಾತಿದೆ. ಲೂಯಿ ತನ್ನ ಕಿರಿಯ ಮಗ ಒಲಿವಿಯೇ ನಟನಾಗಲೆಂದು ಆಸೆಪಟ್ಟು ತನ್ನ ಜೊತೆ ಆರು ಚಿತ್ರಗಳಲ್ಲಿ ಪಾತ್ರ ಕೊಡಿಸಿದ. ಹೆಸರಿತ್ತು, ಅವಕಾಶವಿತ್ತು, ಅಪ್ಪನ ಬೆಂಬಲವಿತ್ತು. ಆದರೆ ಹುಡುಗನ ಮನಸ್ಸಿದ್ದದ್ದು ವಿಮಾನದಲ್ಲಿ. ಆತ ಪೈಲಟ್ ಆದ. ಇನ್ನೊಬ್ಬ ಮಗ ಪ್ಯಾಟ್ರಿಕ್ ವೈದ್ಯನಾದ. ಇಡೀ ಫ್ರಾನ್ಸನ್ನು ನಗಿಸಿದವನಿಗೂ ಮಗನನ್ನು ತನ್ನ ದಾರಿಗೆ ತರಲಾಗಲಿಲ್ಲ. ಅದರಿಂದ ಮಗನಿಗೇನೂ ನಷ್ಟವಾಗಲಿಲ್ಲ.

ಈ ಸಲ ಅಂಕಪಟ್ಟಿ ಮನೆಗೆ ಬಂದಾಗ ನೋಡಿ, ಬೇಕಾದರೆ ಬೈಯಿರಿ. ಆದರೆ ‘ಉದ್ಧಾರ ಆಗೋ ಪೈಕಿ ಅಲ್ಲ’ ಎಂಬ ಮಾತೊಂದನ್ನು ಸದ್ಯಕ್ಕೆ ನುಂಗಿಕೊಳ್ಳಿ. ಆ ತೀರ್ಪಿಗೆ ಇನ್ನೂ ಬಹಳ ಕಾಲವಿದೆ.