ಆಯಿಲ್ ಕುಡಿದವರು ಯಾರು?

"ಡ್ರೈವರ್ ಆಯಿಲ್ ಮಾರ್ಕೊಳ್ಳಾಕತ್ತಾನ್ರಿ, ಪಗಾರದಾಗ ಹಿಡೀತೀನಿ" ಅಂದರು, ಲಾರಿ ಸಾಲಕ್ಕೆ ಪುಣೆಯ ನಮ್ಮ ಶಾಖೆಗೆ ಬರುವ ವಿಜಯಪುರದ ಕಡೆಯ ಮಾಲೀಕರು. ನನಗದು ಅನ್ಯಾಯ ಅನ್ನಿಸಿತು. (ಬಿಕಾಂನವನಿಗೆ ಇಂಜಿನ್ ಏನು ಗೊತ್ತು ಅನ್ನಬೇಡಿ, ಲಾರಿ ಸಾಲ ಕೊಟ್ಟೂ ಕೊಟ್ಟೂ ಅಷ್ಟಿಷ್ಟು ಕಲಿತಿದ್ದೇನೆ.)

ಟರ್ಬೊದ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿನ ಆಸುಪಾಸು ತಿರುಗುತ್ತೆ. ಅದಕ್ಕೆ ಆಸರೆ ಇಂಜಿನ್ ಆಯಿಲ್ಲೇ. ಘಾಟಿ ಹತ್ತಿಸಿ ಬಂದು, ಒಂದೆರಡು ನಿಮಿಷವೂ ಐಡಲಿಂಗ್‌ನಲ್ಲಿ ಬಿಡದೆ ಆಫ್ ಮಾಡಿದರೆ ಅಲ್ಲಿನ ಆಯಿಲ್ ಸುಟ್ಟು ಕರಿಗಟ್ಟುತ್ತೆ. ಕ್ರಮೇಣ ಬೇರಿಂಗ್, ಸೀಲ್ ಸವೆದು ಆಯಿಲ್ ಸೋರಿ ನೀಲಿ ಹೊಗೆಯಾಗುತ್ತೆ. ಪಿಸ್ಟನ್ ರಿಂಗ್ ಸವೆದರೂ ಅದೇ ಪಾಡು.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, ಹಾಕಿದ ಲೀಟರು, ಓಡಿದ ಕಿಲೋಮೀಟರು ಬರೆದಿಟ್ಟರೆ ಕಳ್ಳ ಇಂಜಿನ್ನೋ ಡ್ರೈವರೋ ಗೊತ್ತಾಗುತ್ತೆ. ಡೈರಿ ತೋರಿಸಿ ಅಂದೆ. ಡೀಸೆಲ್ ಲೆಕ್ಕ ಪೈಸೆ ಸಮೇತ ಇತ್ತು, ಆಯಿಲಿನದು ಒಂದು ಸಾಲೂ ಇರಲಿಲ್ಲ.