ನೀಲಗಿರಿಯ ಹಿಮವೂ ಹುಲ್ಲುಗಾವಲೂ

ಪುಷ್ಯಮಾಸವು ಕಾಲಿಡುತ್ತಲೇ ಉದಕಮಂಡಲದಲ್ಲಿ ಹಿಮಪಾತವಾಯಿತೆಂಬ ವಾರ್ತೆ ವರ್ಷಂಪ್ರತಿ ಹಬ್ಬುವುದು. ಅದನ್ನು ಕೇಳಿದ ಮೈಸೂರು ಬೆಂಗಳೂರುಗಳ ಉತ್ಸಾಹಿಗಳು ಬಂಡೀಪುರವನ್ನು ಹಾದು, ಮಸಿನಗುಡಿಯಿಂದ ಕಲ್ಹಟ್ಟಿ ಘಟ್ಟದ 36 ತಿರುವುಗಳನ್ನೇರಿ, ಮರುದಿನ ಬೆಳಕು ಹರಿಯುವ ಮುನ್ನವೇ ತಲೈಕುಂದಾ ಬಯಲಿನಲ್ಲಿ ನಿಂತು, ಬಿಳುಪೇರಿದ ಹುಲ್ಲನ್ನು ತುಳಿದು, ಕಾಶ್ಮೀರವನ್ನೇ ಕಂಡೆವೆಂದು ಧನ್ಯರಾಗುವರು. ಆಕಾಶದಿಂದ ಅಲ್ಲಿ ಏನೂ ಬಿದ್ದಿರುವುದಿಲ್ಲ.

ಸಮುದ್ರಮಟ್ಟಕ್ಕಿಂತ ಸುಮಾರು 2,240 ಮೀಟರ್ ಎತ್ತರದಲ್ಲಿದ್ದರೂ ಉದಕಮಂಡಲವು ಉಷ್ಣವಲಯದ್ದು. ಇಲ್ಲಿ ಮೋಡ ಕವಿದ ಇರುಳು ಹಿಮ ಬೀಳುವಷ್ಟು ತಣ್ಣಗಾಗದು, ಅತ್ಯಂತ ಚಳಿಯ ಇರುಳಿನಲ್ಲಾದರೋ ಮೋಡವೇ ಇರದು. ಈಶಾನ್ಯ ಮಾರುತದ ಮಳೆ ತೀರಿ, ಗಾಳಿ ಅಡಗಿ, ಆಗಸವು ನಿರ್ಮಲವಾದಾಗ ನೆಲವು ಹಗಲೆಲ್ಲ ಗಳಿಸಿದ ತಾಪವನ್ನು ತಡೆಯಿಲ್ಲದೆ ಕಳೆದುಕೊಳ್ಳುವುದು. ತಣಿದು ಭಾರವಾದ ಗಾಳಿಯು ಇಳಿಜಾರುಗಳಿಂದ ಸರಿದು ತಗ್ಗುಗಳಲ್ಲಿ ನೆಲಸುವುದು. ಆಳೆತ್ತರದಲ್ಲಿಟ್ಟ ತಾಪಮಾಪಕವು ಎರಡು ಮೂರು ಡಿಗ್ರಿ ತೋರುತ್ತಿರುವಾಗಲೇ ಹುಲ್ಲಿನ ತುದಿಯಲ್ಲಿ ನೀರಾವಿಯು ಹರಳುಗಟ್ಟುವುದು; ನೀಲಗಿರಿಯ ಹಿಮವೆಂದರೆ ಈ ಹರಳೇ. ಗೂಡಲೂರಿಗೆ ಇಳಿದರೆ ಇದರ ಸುಳಿವೇ ಇಲ್ಲ.

ಒಂದೇ ರಾತ್ರಿಯಲ್ಲಿ ಚಿಗುರೆಲ್ಲ ಸುಟ್ಟು ಕರಿದಾದುದನ್ನು ಕಂಡ ಚಹಾ ಬೆಳೆಗಾರನಿಗಾಗಲಿ ತರಕಾರಿ ಬೆಳೆಯುವ ಬಡಗ ರೈತನಿಗಾಗಲಿ ಈ ಸೊಬಗು ಬೇಕಾಗಿಲ್ಲ. ಅವರ ದೂರು ನ್ಯಾಯವಾದುದೇ. ಆದರೂ ಹಿಮದ ಪರವಾಗಿ ವಾದಿಸುವವರೂ ಇರಬೇಕಷ್ಟೆ.

ಈ ಪ್ರಸ್ಥಭೂಮಿಯಲ್ಲಿ ಶೋಲಾ ಎಂಬ ಗಿಡ್ಡಮರಗಳ ನಿತ್ಯಹಸುರಿನ ಕಾಡು ಕಣಿವೆಗಳ ಮಡಿಲಲ್ಲಿ ಒತ್ತಾಗಿ ಬೆಳೆದು, ಅದರ ಅಂಚು ದಾಟಿದೊಡನೆಯೇ ಮರವೊಂದೂ ಇಲ್ಲದ ಹುಲ್ಲುಗಾವಲು ಹಾಸಿಕೊಂಡಿರುವುದನ್ನು ನೋಡಿದ ಹಿಂದಿನವರು, ಮನುಷ್ಯನೇ ಕಾಡು ಸುಟ್ಟು ಹುಲ್ಲು ಬೆಳೆಸಿರಬೇಕೆಂದು ಶಂಕಿಸಿದ್ದುಂಟು. ಬೆಂಕಿಗೂ ಅದರಲ್ಲಿ ಪಾಲಿದ್ದೀತು. ಆದರೆ ಮುಖ್ಯ ಕಾರಣಗಳಲ್ಲೊಂದು ಈ ಹಿಮವೇ. ತಾಯಿಮರಗಳ ಮೇಲ್ಛಾವಣಿಯ ಕೆಳಗೆ ಬೆಚ್ಚಗಿರುವ ಶೋಲಾ ಸಸಿಯು ಬಯಲಿಗೆ ಕಾಲಿಟ್ಟರೆ ಚಳಿಗಾಲವನ್ನು ದಾಟುವುದು ದುಸ್ತರ. ಹೀಗೆ ಹಿಮವು ಸಾವಿರಾರು ವರ್ಷ ಕಾದ ಹುಲ್ಲನ್ನೇ ಇಲ್ಲಿನ ತೋದ ಬುಡಕಟ್ಟಿನವರ ಎಮ್ಮೆಗಳು ಮೇಯ್ದವು, ನೀಲಗಿರಿ ತಾರ್ ಎಂಬ ಕಾಡುಮೇಕೆಯು ನೆಚ್ಚಿಕೊಂಡಿತು. ಮುಕುರ್ತಿಯ ಕಡೆಯ ಈ ಹುಲ್ಲಿನ ಬೆಟ್ಟಗಳಲ್ಲಿ ಹುಟ್ಟುವ ಪೈಕಾರಾ ನದಿಯೇ ಕೆಳಗಿಳಿದು, ನಮ್ಮ ಬಂಡೀಪುರಕ್ಕೂ ಮುದುಮಲೆಗೂ ಗಡಿಯಾಗಿ ಹರಿಯುವ ಮೋಯಾರ್ ಎನಿಸುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸೌದೆಗೆಂದು ಆಸ್ಟ್ರೇಲಿಯದಿಂದ ವಾಟಲ್ ಮರವನ್ನೂ ನೀಲಗಿರಿ ತೈಲದ ಮರವನ್ನೂ ತಂದರು. ಸ್ವಾತಂತ್ರ್ಯಾನಂತರ ನಮ್ಮವರೇ ಹುಲ್ಲುಗಾವಲನ್ನು ಬೀಳುಭೂಮಿಯೆಂದು ಬಗೆದು, ಚರ್ಮ ಹದಮಾಡುವ ತೊಗಟೆಗಾಗಿಯೂ ತಿರುಳಿಗಾಗಿಯೂ ಅವನ್ನು ವಿಸ್ತಾರವಾಗಿ ನೆಟ್ಟರು. ತನ್ನ ನಾಡಿನಲ್ಲಿಯೇ ಚಳಿಯುಂಡು ಬೆಳೆದ ವಾಟಲಿಗೆ ನಮ್ಮ ಹಿಮವು ಹೊಸತಲ್ಲ. 2020ರಲ್ಲಿ ಪ್ರಕಟವಾದ, ನೀಲಗಿರಿಯಲ್ಲಿಯೇ ನಡೆದ ಅಧ್ಯಯನವೊಂದು ಇದನ್ನೇ ಸಾರಿತು: ಶೋಲಾ ಸಸಿಗಳನ್ನು ತಡೆಯುವ ಹಿಮವು ವಾಟಲನ್ನು ಅಷ್ಟಾಗಿ ತಡೆಯದು, ಹವೆ ಬಿಸಿಯಾದಂತೆ ಉಳಿದ ತಡೆಯೂ ಸಡಿಲವಾಗುವ ಸಂಭವವುಂಟು.

ಆಕ್ರಮಿಸಿದ ವಾಟಲನ್ನು ಕಡಿಯಲೇಬೇಕು. ಆದರೆ ಒಮ್ಮೆ ಕಡಿದು ಛಾಯಾಚಿತ್ರ ತೆಗೆಸಿಕೊಂಡು ಮರಳುವ ಯೋಜನೆಗಳಿಂದ ಫಲವಿಲ್ಲ. ಅದರ ಬೀಜವು ದಶಕಗಳ ಕಾಲ ಮಣ್ಣಿನಲ್ಲಿ ಜೀವ ಹಿಡಿದಿರುವುದರಿಂದ, ಕಡಿದೆಡೆಗೆ ವರ್ಷವರ್ಷವೂ ಹೋಗಿ ಸಸಿಗಳನ್ನು ಕೀಳಬೇಕಾಗುವುದು. 2024ರ ಮೇ ತಿಂಗಳಿಂದ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಇ-ಪಾಸ್ ಪಡೆದು ಬೆಟ್ಟವೇರುವ ನಮ್ಮ ವಾಹನಗಳ ಮೇಲೆ ಇದಕ್ಕೆಂದೇ ಇನ್ನಿಷ್ಟು ಸುಂಕ ಹಾಕಿ, ಆ ಹಣವನ್ನು ಕಳೆ ಕೀಳುವ ಕೂಲಿಗೇ ಮೀಸಲಿಟ್ಟರೆ, ಹಿಮವನ್ನು ನೋಡಲೆಂದೇ ಅಷ್ಟು ದೂರ ಹೋಗುವ ನಾವು ಗೊಣಗಲಾರೆವು.